ಸೋಮವಾರದ ಮೊಹರು

ಜನವರಿ 12

ಪ್ರೀತಿಯ ಅಮ್ಮನಿಗೆ,

ನೀನು ಹೆಣೆದು ಕಳಿಸಿದ ಸ್ವೆಟರ್ ತಲುಪಿತು. ತೋಳು ಒಂದು ಗೇಣು ಉದ್ದವಾಗಿದೆ. ಮೂವತ್ತಾರು ತುಂಬಿದ ಮಗಳು ಇನ್ನೂ ಬೆಳೆಯುತ್ತಾಳೆ ಅಂದುಕೊಂಡೆಯಾ? ವರ್ಕ್‌ಶಾಪಿನಲ್ಲಿ ಕನ್ನಡಕದ ಗಾಜು ಉಜ್ಜುವ ಚಕ್ರಕ್ಕೆ ದಿನವಿಡೀ ತಣ್ಣೀರು ಬೀಳುತ್ತಿರುತ್ತದೆ, ಬೆರಳು ಮರಗಟ್ಟಿ ಹೋಗುತ್ತವೆ. ಊಟಕ್ಕೆ ಕೂತಾಗ ಆ ತೋಳಿನೊಳಗೆ ಕೈ ಎಳೆದುಕೊಳ್ಳುತ್ತೇನೆ. ಹಾಗಾಗಿ ಬಿಚ್ಚಿ ಹೆಣೆಯುವುದು ಬೇಡ.

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರ ಕೂಟವಿತ್ತು. ದೇವರ ಚಿತ್ತವನ್ನು ತಿಳಿದುಕೊಳ್ಳುವುದು ಹೇಗೆ ಎಂಬುದು ಅವತ್ತಿನ ವಿಷಯ. ಪಾಸ್ಟರ್ ನನ್ನನ್ನು ನನ್ನ ಅನುಭವದ ಸಾಕ್ಷಿ ಹೇಳಲು ಕರೆದರು. ನನ್ನ ಹತ್ತಿರ ಇರುವುದು ಒಂದೇ ಸಾಕ್ಷಿ ತಾನೆ? ಅದನ್ನೇ ಹೇಳಿದೆ. ನಿನಗೆ ಗೊತ್ತಿರುವುದೇ ಆದರೂ ಹೇಳಿದ ಹಾಗೆಯೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ಹನ್ನೆರಡು ವರ್ಷದ ಹಿಂದೆ, ಅಪ್ಪ ತೀರಿಕೊಂಡು ವರ್ಷವಾಗಿತ್ತು. ಕಿವುಡು ಮಕ್ಕಳಿಗೆ ಪಾಠ ಹೇಳುವ ತರಬೇತಿಗೆಂದು ದೂರದ ಶಾಲೆಗೆ ಅರ್ಜಿ ಹಾಕಿದ್ದೆ. ನಿನ್ನನ್ನು ಒಬ್ಬಳೇ ಬಿಟ್ಟು ಹೋಗಬೇಕೋ ಬೇಡವೋ ಎಂದು ಮನಸ್ಸು ತೂಗುಯ್ಯಾಲೆಯಾಗಿತ್ತು. ಆಗ ದೇವರ ಹತ್ತಿರ ಒಂದು ಗುರುತು ಕೇಳಿದೆ: ಶನಿವಾರದ ಅಂಚೆಯೊಳಗೆ ಶಾಲೆಯ ಕಾಗದ ಬಂದರೆ ಹೋಗುತ್ತೇನೆ, ಬಾರದಿದ್ದರೆ ಇಲ್ಲೇ ಇರುವುದು ನಿನ್ನ ಚಿತ್ತ. ಶನಿವಾರ ಬರಲಿಲ್ಲ. ಅವತ್ತು ಸಂಜೆ ಮಂಚದ ಪಕ್ಕ ಮೊಣಕಾಲೂರಿ, ಸರಿ ತಂದೆ, ಅಂದೆ. ಸೋಮವಾರ ಕಾಗದ ಬಂತು. ಸೇರಿಸಿಕೊಂಡಿದ್ದೇವೆ, ಬನ್ನಿ ಎಂದು ಬರೆದಿದ್ದರು. ನಾನು ಹೋಗಲಿಲ್ಲ. ಊರು ಬಿಟ್ಟು ಈ ವರ್ಕ್‌ಶಾಪಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ.

ಆ ಲಕೋಟೆಯನ್ನು ಪ್ಲಾಸ್ಟಿಕ್ ಹೊದಿಕೆಯಿಂದ ತೆಗೆದು ತೋರಿಸಿದೆ. ನಮ್ಮ ಅಂಚೆ ಕಚೇರಿಯ ದುಂಡು ಮೊಹರು, ಸೋಮವಾರದ ತಾರೀಖು, ಈಗಲೂ ಅಚ್ಚುಕಟ್ಟಾಗಿ ಕಾಣುತ್ತದೆ. ಕೈಯಿಂದ ಕೈಗೆ ದಾಟಿಸಿ ನೋಡಿದರು. ಆರ್ಗನ್ ನುಡಿಸುವ ಅಜ್ಜಿ ಕಣ್ಣೊರೆಸಿಕೊಂಡರು. ನಮ್ಮ ಸಭೆಯಲ್ಲಿ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಹುಡುಗಿಯೊಬ್ಬಳಿದ್ದಾಳೆ, ಎಲ್ಲರೂ ಚಿಕ್ಕ ಟೀಚರ್ ಅನ್ನುತ್ತೇವೆ. ಅವಳು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ದೇವರು ಇಷ್ಟು ಸ್ಪಷ್ಟವಾಗಿ ಮಾತಾಡ್ತಾನಾ!" ಅಂದಳು.

ಇದನ್ನು ಸಭೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾರಂತೆ. ನೀನು ಅದೇ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವಳು ಎಂದು ಕೇಳಿ ಪಾಸ್ಟರಿಗೆ ಇನ್ನಷ್ಟು ಖುಷಿ. ನಿನ್ನ ಕಡೆಯಿಂದಲೂ ನಾಲ್ಕು ಸಾಲು ಬರೆದು ಕಳಿಸು.

ನಿನ್ನ
ಗುಬ್ಬಿ

---

ಜನವರಿ 27

ಪ್ರೀತಿಯ ಗುಬ್ಬಿಗೆ,

ಉತ್ತರ ತಡವಾಯಿತು. ನಲ್ಲಿ ಕೆಟ್ಟು ಅಡುಗೆಮನೆಯೆಲ್ಲ ನೀರಾಗಿತ್ತು. ರಿಪೇರಿಯವನು ಇವತ್ತು ನಾಳೆ ಎಂದು ಎಂಟು ದಿನ ಆಟ ಆಡಿಸಿದ. ಮಂಡಿನೋವು ಇದ್ದ ಹಾಗೇ ಇದೆ.

ಪತ್ರಿಕೆಗೆ ಬರೆಯುವಷ್ಟು ಏನಿದೆ ಮಗಳೇ ನನ್ನ ಹತ್ತಿರ? ಎಷ್ಟೋ ಹಳೆಯ ಮಾತು. ಅಚ್ಚು ಹಾಕಿಸುವುದೂ ಬೇಡ ಅನ್ನಿಸುತ್ತದೆ. ನಮ್ಮ ಮನೆಯ ವಿಷಯ ನಮ್ಮ ಮನೆಯಲ್ಲಿರಲಿ. ಆ ಲಕೋಟೆಯನ್ನೂ ಸಿಕ್ಕವರ ಕೈಗೆಲ್ಲ ಕೊಡಬೇಡ, ಹಳೆಯ ಕಾಗದ, ಹರಿದುಹೋದೀತು.

ಸ್ವೆಟರ್ ತೋಳಿಗೆ ಅಳತೆ ಕಳಿಸು.

ನಿನ್ನ
ಅಮ್ಮ

---

ಫೆಬ್ರವರಿ 9

ಪ್ರೀತಿಯ ಅಮ್ಮನಿಗೆ,

ನಿನ್ನದು ಅತಿ ಸಂಕೋಚ. ಆಯಿತು, ಪತ್ರಿಕೆಯವರಿಗೆ ಸದ್ಯಕ್ಕೆ ಬೇಡ ಅಂದಿದ್ದೇನೆ.

ಇವತ್ತು ಬರೆಯುತ್ತಿರುವುದು ಚಿಕ್ಕ ಟೀಚರ್‌ಗಾಗಿ. ನಿನ್ನ ಪ್ರಾರ್ಥನೆಯಲ್ಲಿ ಅವಳನ್ನು ಸೇರಿಸಿಕೋ. ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಇದೆ. ಸುಮ್ಮನೆ ಬಿಡುವ ಗಂಟಲ್ಲ, ತೆಗೆಯಲೇಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಆಪರೇಷನ್ ದಿನ ಕಾಗದದಲ್ಲಿ ತಿಳಿಸುತ್ತೇವೆ ಅಂದಿದ್ದರು. ನನ್ನ ಸಾಕ್ಷಿ ಕೇಳಿದ ಮೇಲೆ ಅವಳೂ ಹಾಗೆಯೇ ಬೇಡಿಕೊಂಡಿದ್ದಾಳೆ: ಶನಿವಾರದೊಳಗೆ ಕಾಗದ ಬಂದರೆ ಆಪರೇಷನ್, ಬಾರದಿದ್ದರೆ ದೇವರೇ ಗುಣ ಮಾಡುತ್ತಾನೆ ಎಂದು.

ಕಾಗದ ಮಂಗಳವಾರ ಬಂತು.

ಅವಳು ಓಡೋಡಿ ವರ್ಕ್‌ಶಾಪಿಗೇ ಬಂದಳು. ಯಂತ್ರ ನಿಲ್ಲಿಸಿದೆ. "ಅಕ್ಕಾ, ನಿಮಗಾದ ಹಾಗೇ ಆಯ್ತು ನೋಡಿ! ಥೇಟ್ ನಿಮ್ಮ ಹಾಗೇ!" ಅಂದಳು. ಮುಖ ಬೆಳಗುತ್ತಿತ್ತು. ದಿನ ಬೇಡವೆಂದು ಆಸ್ಪತ್ರೆಗೆ ಬರೆದು ಹಾಕಿಯೇ ಬಂದಿದ್ದಳು. ನಮ್ಮ ಮೇಸ್ತ್ರಿಗೆ ದೇವರು ದಿಂಡರು ಏನೂ ಇಲ್ಲ. ಅವನು ಅತ್ತಲಿಂದಲೇ, "ಅಂಚೆಯವನು ಲೇಟ್ ಮಾಡಿದ್ದಕ್ಕೆ ಗಂಟು ಕರಗುತ್ತೇನಮ್ಮಾ?" ಅಂದ. ನಾನು ಅವನನ್ನು ಗದರಿದೆ. ಆದರೆ ಅಮ್ಮಾ, ಅವಳು ಹೋದ ಮೇಲೆ ಎರಡು ಗಾಜು ಕೈತಪ್ಪಿ ಕೆಟ್ಟವು. ಯಾಕೋ ಸಮಾಧಾನವಿಲ್ಲ. ನಂಬಿಕೆ ಕಡಿಮೆಯಾಗಿದೆಯಾ ನನ್ನದು?

ನಿನ್ನ
ಗುಬ್ಬಿ

---

ಫೆಬ್ರವರಿ 15

ಗುಬ್ಬಿ,

ಆ ಹುಡುಗಿಗೆ ಆಸ್ಪತ್ರೆಗೆ ಹೋಗಲು ಹೇಳು. ನಾಳೆಯೇ ಹೋಗಲಿ. ಹೊಸ ದಿನ ಕೇಳಲಿ. ನೀನೇ ಕರೆದುಕೊಂಡು ಹೋಗು. ನಾನು ಹೇಳಿದೆ ಅನ್ನು.

ಯಾಕೆ ಎಂದು ಕೇಳಬೇಡ.

ಅಮ್ಮ

---

ಫೆಬ್ರವರಿ 26

ಅಮ್ಮಾ,

ಹೇಳಿದೆ. ಅವಳು ಕೇಳಲಿಲ್ಲ. "ನಿಮ್ಮ ಅಮ್ಮ ಯಾಕೆ ಹಾಗಂದ್ರು ಅಕ್ಕಾ? ನಿಮಗೊಂದು ನ್ಯಾಯ, ನನಗೊಂದು ನ್ಯಾಯಾನಾ?" ಅಂದಳು.

ನನಗೆ ನಿನ್ನ ಮೇಲೆ ಬೇಸರವಾಗಿದೆ, ಮುಚ್ಚಿಟ್ಟುಕೊಳ್ಳುವುದಿಲ್ಲ. ದೇವರ ಚಿತ್ತಕ್ಕೆ ತಲೆಬಾಗುವುದನ್ನು ನನಗೆ ಕಲಿಸಿದವಳು ನೀನು. ಅವತ್ತು ಮಂಚದ ಪಕ್ಕ ನನ್ನ ಜೊತೆ ಮೊಣಕಾಲೂರಿದವಳು ನೀನು. ಈಗ ಇನ್ನೊಬ್ಬಳು ತಲೆಬಾಗಿದರೆ ಎರಡು ಸಾಲಿನಲ್ಲಿ ಬೇಡ ಅನ್ನುತ್ತೀಯ, ಕಾರಣ ಕೇಳಬೇಡ ಅನ್ನುತ್ತೀಯ. ನಿನ್ನ ನಂಬಿಕೆಗೆ ಏನಾಯಿತು?

ಭಾನುವಾರ ಹಾಡುವಾಗ ಅವಳು ಮಧ್ಯದಲ್ಲೇ ನಿಲ್ಲಿಸಿ ನೀರು ಕುಡಿದಳು. ನುಂಗುವಾಗ ಕಷ್ಟವಾಗುತ್ತದಂತೆ. ಪರೀಕ್ಷೆ, ಅಷ್ಟೇ, ಅನ್ನುತ್ತಾಳೆ. ಕೊರಳಿಗೆ ದುಪಟ್ಟಾ ಸುತ್ತಿಕೊಂಡೇ ಇರುತ್ತಾಳೆ.

ಕಾರಣ ಇದ್ದರೆ ಬರೆ.

ಗುಬ್ಬಿ

---

ಮಾರ್ಚ್ 3

ಮಗಳೇ,

ಕಾರಣ ಬರೆಯುತ್ತಿದ್ದೇನೆ.

ಆ ಶಾಲೆಯ ಕಾಗದ ಸೋಮವಾರ ಬರಲಿಲ್ಲ. ಗುರುವಾರವೇ ಬಂದಿತ್ತು.

ಬೆಳಿಗ್ಗೆಯ ಎರಡನೇ ಚೀಲ. ಆ ಚೀಲ ಬಿಡಿಸಬೇಕಾದವರು ಬೇರೆಯವರು, ಮಗಳ ಬಾಣಂತನಕ್ಕೆಂದು ರಜೆ ಹಾಕಿದ್ದರು. ಅವರ ಮೇಜು ನನಗೆ ಬಿತ್ತು. ದಾರ ಕತ್ತರಿಸಿ ಸುರಿದೆ. ಮೂಲೆಯಲ್ಲಿ ನೀಲಿ ಅಕ್ಷರದಲ್ಲಿ ಶಾಲೆಯ ಹೆಸರು, ಕೆಳಗೆ ನಿನ್ನ ಹೆಸರು. ನಮ್ಮ ಬೀದಿಯ ಗೂಡಿಗೆ ಹಾಕಲು ಕೈ ಎತ್ತಿದೆ. ಹಾಕಲಿಲ್ಲ. ಊಟದ ಚೀಲಕ್ಕೆ ಹಾಕಿಕೊಂಡೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೇ ಒಂದು ಕಾಗದವನ್ನು ಹಾಗೆ ಮುಟ್ಟಿರಲಿಲ್ಲ.

ಅವತ್ತು ನನ್ನ ಮನಸ್ಸಿಗೆ ನಾನು ಏನು ಹೇಳಿಕೊಂಡೆ ಗೊತ್ತಾ? ಬೇರೆಯವರ ಚೀಲ ನನ್ನ ಕೈಗೆ ಬಂತಲ್ಲ, ದೇವರೇ ಹಾಕಿದ, ಅಂದುಕೊಂಡೆ. ಅವನು ಸರ್ವಾಧಿಕಾರಿ, ಅವನಿಗೆ ಬೇಡದಿದ್ದರೆ ಈ ಕಾಗದ ನನ್ನ ಕಣ್ಣಿಗೆ ಬೀಳುತ್ತಿತ್ತಾ ಅಂದುಕೊಂಡೆ. ಎಷ್ಟು ಭಕ್ತಿಯಿಂದ ಕದ್ದೆ ನೋಡು.

ನೀನು ದಿನಾ ಸಂಜೆ ಬಾಗಿಲಲ್ಲೇ ನಿಂತು, "ಅಮ್ಮಾ, ಬಂತಾ?" ಅಂತಿದ್ದೆ. "ಇಲ್ಲ ಕಣೇ" ಅಂದೆ. ಗುರುವಾರ ಒಂದು ಸಲ, ಶುಕ್ರವಾರ ಒಂದು ಸಲ, ಶನಿವಾರ ಎರಡು ಸಲ. ಶನಿವಾರ ಸಂಜೆ ನೀನು ಮಂಚದ ಪಕ್ಕ ಮೊಣಕಾಲೂರಿ ಸರಿ ತಂದೆ ಅಂದಾಗ ಊಟದ ಚೀಲ ಅದೇ ಕೋಣೆಯ ಮೊಳೆಗೆ ನೇತಾಡುತ್ತಿತ್ತು. ನಾನು ನಿನ್ನ ಪಕ್ಕ ಕೂತು ಆಮೆನ್ ಅಂದೆ. ಕಾಗದ ಬಚ್ಚಿಟ್ಟದ್ದಕ್ಕಿಂತ ಆ ಆಮೆನ್ ನನ್ನನ್ನು ಹೆಚ್ಚು ಸುಡುತ್ತದೆ.

ಸೋಮವಾರ ಹೆದರಿಕೆ ಹತ್ತಿತು. ಹರಿದು ಹಾಕುವಷ್ಟು ಕೆಟ್ಟವಳಲ್ಲ ಅಂದುಕೊಂಡೆ. ಬಟವಾಡೆಯ ಮೊಹರಿಗೆ ತಾರೀಖು ತಿರುಗಿಸಿ, ಮಸಿ ಮುಟ್ಟಿಸಿ, ಗಟ್ಟಿಯಾಗಿ ಒತ್ತಿದೆ. ನಿಮ್ಮ ಸಭೆಯ ಹೆಂಗಸರು ಕೈಯಿಂದ ಕೈಗೆ ದಾಟಿಸಿ ನೋಡಿದ್ದು ನನ್ನ ಕೈಕೆಲಸವನ್ನು. ಕಾಗದ ನೋಡಿ ನೀನು ಹೋಗುತ್ತೇನೆ ಅಂದರೆ ಹೋಗಲಿ ಬಿಡು ಎಂದು ಮನಸ್ಸಿನಲ್ಲೇ ದೊಡ್ಡತನ ತೋರಿಸಿದೆ. ನೀನು ಹೋಗಲಿಲ್ಲ. ಆರಾಮಾಗಿ ನಿದ್ದೆ ಮಾಡಿದೆ. ಅದನ್ನೂ ಬರೆಯುತ್ತಿದ್ದೇನೆ, ಯಾಕೆಂದರೆ ಅದೂ ನಿಜ. ನಿದ್ದೆ ಕೆಟ್ಟದ್ದು ವರ್ಷಗಳ ನಂತರ, ನೀನು ಆ ಲಕೋಟೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ ದಿನದಿಂದ.

ಅಪ್ಪ ಹೋದ ಮೇಲೆ, ನೀನೂ ಹೊರಟರೆ ಮನೆಯಲ್ಲಿ ಒಂದೇ ತಟ್ಟೆ ತೊಳೆಯುವುದನ್ನು ನೆನೆಸಿಕೊಂಡು ಹೆದರುತ್ತಿದ್ದೆ. ಕಾರಣ ಇಷ್ಟೇ.

ಇದನ್ನು ಆ ಹುಡುಗಿಗೆ ಓದಿ ಹೇಳು.

ಅಮ್ಮ

ಮಾರ್ಚ್ 24

ಮೇಲಿನದನ್ನು ಬರೆದು ಮುಗಿಸಿ ಅಂಟು ಹಚ್ಚಿ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ. ಮಾರನೆಯ ದಿನವೂ ಅಷ್ಟೇ. ಮೂರು ವಾರ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಇವತ್ತು ಬೆಳಿಗ್ಗೆ ಅದನ್ನು ತೆಗೆದು ನೋಡಿದಾಗ ಗೊತ್ತಾಯಿತು: ಮತ್ತೆ ಅದನ್ನೇ ಮಾಡುತ್ತಿದ್ದೇನೆ. ಆಗ ನಾಲ್ಕು ದಿನ, ಈಗ ಇಪ್ಪತ್ತೊಂದು. ಲಕೋಟೆ ಹರಿದು ಈ ನಾಲ್ಕು ಸಾಲು ಸೇರಿಸಿ, ಡಬ್ಬಿಗೆ ಹಾಕದೆ ಕೌಂಟರಿನಲ್ಲೇ ಕೊಡುತ್ತೇನೆ, ವಾಪಸ್ ತೆಗೆದುಕೊಳ್ಳಲಾಗದ ಹಾಗೆ.

---

ಮಾರ್ಚ್ 28

ಕಾಗದ ಮಧ್ಯಾಹ್ನ ಬಂತು. ರಜೆ ಹೇಳಿ ಚಿಕ್ಕ ಟೀಚರ್ ಶಾಲೆಗೆ ಹೋದೆ. ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದರು. ಖಾಲಿ ತರಗತಿಯಲ್ಲಿ ಚಿಕ್ಕ ಬೆಂಚಿನ ಮೇಲೆ ಕೂತು ಅವಳಿಗೆ ಪೂರ್ತಿ ಓದಿದೆ, ಎರಡು ತಾರೀಖುಗಳನ್ನೂ ಸೇರಿಸಿ. ಅವಳು ದುಪಟ್ಟಾದ ತುದಿ ತಿರುಚಿದಳು. ಆಮೇಲೆ, "ಹಾಗಾದ್ರೆ ನನ್ನದೂ ಬರೀ ಲೇಟಾದ ಕಾಗದಾನಾ?" ಅಂದಳು. ಹೌದು ಅಂದೆ.

ಆಸ್ಪತ್ರೆಗೆ ಇವತ್ತೇ ಹೋಗಿ ಬಂದೆವು. ಏಪ್ರಿಲ್ 17ಕ್ಕೆ ದಿನ ಕೊಟ್ಟಿದ್ದಾರೆ.

ಸದ್ಯಕ್ಕೆ ನನಗೆ ಬರೆಯಬೇಡ.

---

ಏಪ್ರಿಲ್ 10

ಗುಬ್ಬಿ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಬರೆದು ಸುಮ್ಮನಾಗುತ್ತೇನೆ.

ಕಳೆದ ವಾರ ಅಂಚೆ ಕಚೇರಿಗೆ ಹೋಗಿ ಪೋಸ್ಟ್ ಮಾಸ್ಟರ ಮುಂದೆ ಕೂತು ಎಲ್ಲ ಹೇಳಿದೆ. ಹೊಸಬರು, ನಿನ್ನ ವಯಸ್ಸಿನವರು. ಕನ್ನಡಕ ತೆಗೆದು ಒರೆಸಿ, "ಅಮ್ಮಾ, ಕಾಗದ ಕೊನೆಗೆ ತಲುಪಿತಲ್ಲ?" ಅಂದರು. ತಲುಪಿತು ಅಂದೆ. "ದೂರು ಕೊಟ್ಟವರು?" ಯಾರೂ ಇಲ್ಲ, ನಾನೇ. "ಹಾಗಾದ್ರೆ ನಿಮ್ಮ ಮೇಲೆ ನೀವೇ ಒಂದು ಅರ್ಜಿ ಬರೀಬೇಕಾಗುತ್ತೆ" ಅಂದರು. ಬರೆದುಕೊಟ್ಟೆ. ಪಾಪ, ಅದನ್ನು ಯಾವ ಫೈಲಿಗೆ ಸೇರಿಸುವುದು ಎಂದು ಅವರಿಗೂ ತಿಳಿಯಲಿಲ್ಲ. ಮೇಲಿನವರಿಗೆ ಕಳಿಸಿದ್ದಾರೆ. ಏನು ಬಂದರೂ ಬರಲಿ.

ನಮ್ಮ ಸಭೆಯ ಪಾಸ್ಟರಿಗೂ ಹೇಳಿದೆ. ಅವರು ಸಮಾಧಾನ ಮಾಡಲು, "ದೇವರು ಎಲ್ಲವನ್ನೂ ಒಳ್ಳೇದಕ್ಕೆ ತಿರುಗಿಸ್ತಾನೆ. ನಿಮ್ಮ ಮಗಳು ಆ ಊರಿಗೆ ಹೋಗಿದ್ದು, ಆ ಹುಡುಗಿಯ ಗೆಳತಿಯಾಗಿದ್ದು, ಎಲ್ಲಾ ಅವನ ಯೋಜನೆಯೊಳಗೇ ಇದೆ" ಅಂದರು. ಆ ಮಾತು ಜೇನಿನ ಹಾಗಿತ್ತು. ಮನೆಗೆ ಬರುವಷ್ಟರಲ್ಲಿ ಅರ್ಧ ನುಂಗಿಯೂ ಬಿಟ್ಟಿದ್ದೆ. ಆಮೇಲೆ ಅನ್ನಿಸಿತು, ಅವನು ತಿರುಗಿಸಬಲ್ಲ, ನಿಜ. ಆದರೆ ಅವನು ತಿರುಗಿಸಿದ ಎಂದು ನಾನು ಬಿಡುಗಡೆಯಾದರೆ, ಊಟದ ಚೀಲಕ್ಕೆ ಕಾಗದ ಹಾಕಿಕೊಂಡಾಗ ಹೇಳಿಕೊಂಡ ಮಾತನ್ನೇ ಮತ್ತೆ ಹೇಳಿದ ಹಾಗೆ. ಆ ಜೇನು ನನಗಲ್ಲ.

17ನೇ ತಾರೀಖು ಬೆಳಿಗ್ಗೆಯಿಂದ ಮೊಣಕಾಲ ಮೇಲಿರುತ್ತೇನೆ. ಮಂಡಿ ಏನಾದರೂ ಅನ್ನಲಿ.

ಅಮ್ಮ

---

ಮೇ 6

ಅಮ್ಮಾ,

ಆಪರೇಷನ್ ಆಯಿತು. ಐದು ಗಂಟೆ ಹಿಡಿಯಿತು. ಗಂಟು ಕೆಟ್ಟದ್ದೇ. ಪೂರ್ತಿ ತೆಗೆದಿದ್ದಾರೆ. ಬದುಕುತ್ತಾಳೆ ಅನ್ನುತ್ತಾರೆ.

ದನಿ ಹೋಗಿದೆ. ಪೂರ್ತಿ ಅಲ್ಲ. ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತಂತೆ, ನರ ಉಳಿಸಲು ಆಗಲಿಲ್ಲ. ಈಗ ಅವಳು ಮಾತಾಡಿದರೆ ಒಣ ಹಲಗೆಯ ಮೇಲೆ ಮರಳು ಎಳೆದ ಹಾಗೆ ಕೇಳಿಸುತ್ತದೆ. ಹಾಡಲು ಆಗುವುದಿಲ್ಲ. ಮೊದಲು ಕೊಟ್ಟ ದಿನಕ್ಕೇ ಬಂದಿದ್ದರೆ ಹೀಗಾಗುತ್ತಿತ್ತಾ ಎಂದು ಡಾಕ್ಟರನ್ನು ಕೇಳಿದೆ. "ಹೇಳಕ್ಕಾಗಲ್ಲ. ಆಗ ಅಂಟಿಕೊಂಡಿರ್ಲಿಲ್ಲವೇನೋ. ಅಂಟಿಕೊಂಡೇ ಇತ್ತೇನೋ" ಅಂದರು. ಹೌದು ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ, ಇಲ್ಲ ಅಂದಿದ್ದರೆ ನೆಮ್ಮದಿಯ ಉಸಿರು ಬಿಡುತ್ತಿದ್ದೆ. ಎರಡೂ ಸಿಗಲಿಲ್ಲ.

ಐದು ವಾರ ನಿನ್ನ ಮೇಲೆ ಕೋಪ ಮಾಡಿಕೊಂಡೆ. ವರ್ಕ್‌ಶಾಪಿನಲ್ಲಿ ಚಕ್ರದ ಮುಂದೆ ಕೂತು ನನಗೆ ಬರಬೇಕಾಗಿದ್ದ ಜೀವನವನ್ನೆಲ್ಲ ಲೆಕ್ಕ ಹಾಕಿದೆ. ಬೆರಳಲ್ಲಿ ಮಾತಾಡುವ ಮಕ್ಕಳು, ಅವರ ತರಗತಿ, ನಾನು. ಎಲ್ಲವನ್ನೂ ನೀನು ಊಟದ ಚೀಲದಲ್ಲಿ ಕದ್ದೆ ಅಂದುಕೊಂಡೆ.

ಮೊನ್ನೆ ಆ ಲಕೋಟೆ ತೆಗೆದೆ, ಹರಿದು ಹಾಕೋಣವೆಂದು. ಒಳಗಿನ ಕಾಗದವನ್ನು ಎಷ್ಟೋ ವರ್ಷದಿಂದ ಓದಿರಲಿಲ್ಲ. ಎಲ್ಲರಿಗೂ ಹೊರಗಿನ ಮೊಹರನ್ನೇ ತೋರಿಸುತ್ತಿದ್ದೆನಲ್ಲ. ಒಳಗೆ ಬರೆದಿದ್ದಾರೆ: ಈ ತಿಂಗಳ ಇಪ್ಪತ್ತರೊಳಗೆ ಬಂದು ಸೇರಿಕೊಳ್ಳಿ. ಸೋಮವಾರ ಹತ್ತನೇ ತಾರೀಖು. ಇನ್ನೂ ಹತ್ತು ದಿನವಿತ್ತು, ಅಮ್ಮಾ. ನೀನು ನಾಲ್ಕು ದಿನ ಹಿಡಿದಿಟ್ಟುಕೊಂಡೆ. ಮಿಕ್ಕ ಹತ್ತು ದಿನ ಹಿಡಿದಿಟ್ಟುಕೊಂಡವರು ಯಾರು?

ನಾನು ಹೆದರಿದ್ದೆ. ಹೊಸ ಊರು, ಗೊತ್ತಿಲ್ಲದ ಜನ, ಆಗದಿದ್ದರೆ ಎಂಬ ನಾಚಿಕೆ. ಶನಿವಾರ ಸಂಜೆ ಸರಿ ತಂದೆ ಅಂದಾಗ ಅರ್ಧ ಶರಣಾಗತಿ, ಅರ್ಧ ನೆಮ್ಮದಿ. ಹೋಗಬೇಕಾಗಿಲ್ಲವಲ್ಲ ಎಂಬ ನೆಮ್ಮದಿ. ದೇವರ ಚಿತ್ತ ಅಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ನೀನೂ ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಆಮೇಲೆ ಆ ಹೆದರಿಕೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಹನ್ನೆರಡು ವರ್ಷ ಸಾಕ್ಷಿ ಅಂತ ಊರಿಗೆಲ್ಲ ಹಂಚಿದೆ. ಅದನ್ನು ನಂಬಿ ಒಬ್ಬಳ ದನಿ ಹೋಯಿತು.

ನಿನ್ನ ತಪ್ಪು ಇದರಿಂದ ಸಣ್ಣದಾಗುವುದಿಲ್ಲ. ಹಾಗೆ ಓದಿಕೊಳ್ಳಬೇಡ. ನನ್ನದೂ ಇದೆ ಅಂತಷ್ಟೇ.

ಮೇ ತಿಂಗಳ ಕೊನೆಯ ಭಾನುವಾರ ಹೆಂಗಸರ ಕೂಟದಲ್ಲಿ ಎದ್ದುನಿಂತು ನನ್ನ ಪಾಲಿನದನ್ನು ಹೇಳುತ್ತೇನೆ. ನಿನ್ನ ಪಾಲಿನದನ್ನು ಹೇಳುವುದಿಲ್ಲ. ಅದು ನನ್ನದಲ್ಲ.

ಗುಬ್ಬಿ

---

ಮೇ 14

ಗುಬ್ಬಿ,

ನನ್ನ ಪಾಲಿನದನ್ನು ನಾನೇ ಬಂದು ಹೇಳುತ್ತೇನೆ.

ನಿನ್ನ ಕಾಗದ ಓದಿ ಮೂರು ದಿನ ಒದ್ದಾಡಿದೆ. ಹೋಗಲೇ ಬೇಡವೇ ಎಂದು ಕೇಳಲು ಕೈಮುಗಿದೆ. ನಾಲಿಗೆಯ ತುದಿಗೆ ಬಂದಿತ್ತು: ಇಂಥದ್ದಾದರೆ ಹೋಗುತ್ತೇನೆ, ಇಂಥದ್ದಾಗದಿದ್ದರೆ ಇಲ್ಲ ಎಂದು. ನುಂಗಿಕೊಂಡೆ. ಸುಳ್ಳು ಹೇಳಿದವಳು ನಿಜ ಹೇಳಬೇಕೋ ಬೇಡವೋ ಎಂದು ಯಾವ ದೇವರನ್ನು ಕೇಳುವುದು? ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಬೆವರಿ ಬೇಡಿಕೊಂಡಾಗ ತಂದೆಯ ಚಿತ್ತ ಏನೆಂದು ಅವನಿಗೆ ಗೊತ್ತಿತ್ತು. ಕಷ್ಟವಾಗಿದ್ದು ಗೊತ್ತಿಲ್ಲದ್ದಕ್ಕಲ್ಲ. ಈ ವಯಸ್ಸಿಗೆ ಇಷ್ಟು ಅರ್ಥವಾಯಿತು ನನಗೆ.

ಟಿಕೆಟ್ ತೆಗೆದುಕೊಂಡಿದ್ದೇನೆ. ನಿಮ್ಮ ಕೂಟದ ಭಾನುವಾರಕ್ಕೆ ಮುಂಚಿನ ಶುಕ್ರವಾರ ಸಂಜೆ ನಾಲ್ಕೂಕಾಲಿಗೆ ಬಸ್ಸು ಬರುತ್ತದಂತೆ. ನಿನಗೆ ಬರಲು ಮನಸ್ಸಿದ್ದರೆ ಬಾ. ಇಲ್ಲದಿದ್ದರೆ ಬೇಡ, ಕೇಳಿಕೊಂಡು ಬರುತ್ತೇನೆ. ನಿನ್ನ ಕೋಣೆಯಲ್ಲಿ ಜಾಗ ಬೇಕೆಂದಿಲ್ಲ, ಬಸ್ ನಿಲ್ದಾಣದ ಹತ್ತಿರ ಹೆಂಗಸರ ವಸತಿಗೃಹ ಇದೆಯೆಂದು ತಿಳಿದುಕೊಂಡಿದ್ದೇನೆ.

ಅಮ್ಮ

---

ಜೂನ್ 9

ಅಮ್ಮಾ,

ಸುಖವಾಗಿ ತಲುಪಿದೆ ಎಂಬ ನಿನ್ನ ಕಾರ್ಡ್ ಬಂತು. ಇಲ್ಲಿದ್ದ ನಾಲ್ಕು ದಿನ ನಾವಿಬ್ಬರೂ ಮಾತಾಡಿದ್ದಕ್ಕಿಂತ ಪಾತ್ರೆ ತೊಳೆದದ್ದೇ ಹೆಚ್ಚು. ಎದುರೆದುರು ಬರಲಿಲ್ಲ ಮಾತು. ಅದಕ್ಕೆ ಬರೆಯುತ್ತಿದ್ದೇನೆ.

ಅವತ್ತು ಕೂಟದಲ್ಲಿ ನೀನು ಮುಂದೆ ನಿಂತಿದ್ದೆ, ನಾನು ಹೇಳಿ ಮುಗಿಸಿ ಹಿಂದೆ ಬಾಗಿಲ ಬಳಿ ನಿಂತಿದ್ದೆ. ನಿನಗೆ ಅಲ್ಲಿಂದ ಅವರ ಮುಖ ಕಾಣುತ್ತಿತ್ತು, ನನಗೆ ನಿನ್ನ ಮುಖ. ನೀನು ಮಡಚುವ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಗುರುವಾರ ಒಂದು ಸಲ, ಶುಕ್ರವಾರ ಒಂದು ಸಲ, ಶನಿವಾರ ಎರಡು ಸಲ ಎಂದು ಹೇಳುವಾಗ ನಾನು ಹೊರಗೆ ಹೋಗಿಬಿಡಬೇಕು ಅಂದುಕೊಂಡೆ. ಹೋಗಲಿಲ್ಲ.

ಆರ್ಗನ್ ಅಜ್ಜಿ ನಿನ್ನ ಕೈ ಹಿಡಿದು, "ಇರ್ಲಿ ಬಿಡಮ್ಮಾ, ಎಲ್ಲಾ ದೇವರ ಚಿತ್ತ" ಅಂದರಲ್ಲ, ಆಗ ನೀನು ಹೇಗಾದರೂ ಹೌದು ಅಂದುಬಿಡುತ್ತೀಯ ಎಂದು ಹೆದರಿದೆ. ನೀನು ಕೈ ಬಿಡಿಸಿಕೊಂಡೆ. "ಇಲ್ಲ ಅಮ್ಮಾ. ಆ ನಾಲ್ಕು ದಿನ ನನ್ನ ಚಿತ್ತ. ಅದನ್ನ ದೇವರ ತಲೆಗೆ ಕಟ್ಟಬೇಡಿ" ಅಂದೆ.

ಆಮೇಲೆ ಚಿಕ್ಕ ಟೀಚರ್ ಎದ್ದು ಆ ಮರಳಿನ ದನಿಯಲ್ಲಿ ಕೇಳಿದಳು, "ಅಮ್ಮಾ, ಮೂರನೇ ತಾರೀಖು ಬರೆದ ಕಾಗದ ಇಪ್ಪತ್ನಾಲ್ಕಕ್ಕೆ ಯಾಕೆ ಹಾಕಿದ್ರಿ?"

"ಹೆದರಿಕೆ ಆಯ್ತು ಮಗಳೇ. ಇವಳು ನನ್ನ ಬಿಟ್ಟು ಹೋಗ್ತಾಳೆ ಅಂತ."

"ನಂಗೂ ಹೆದರಿಕೇನೇ ಆಗಿದ್ದು. ಕತ್ತಿಗೆ ಕತ್ತರಿ ಹಾಕ್ತಾರಲ್ಲ ಅಂತ. ದೇವರ ಹೆಸರು ಹೇಳ್ದೆ" ಅಂದಳು. ಆಮೇಲೆ, "ಆದ್ರೂ ನಿಮ್ಮ ಮೇಲೆ ಕೋಪ ಇದೆ" ಅಂದಳು.

"ಇರ್ಲಮ್ಮಾ. ಇರ್ಬೇಕು" ಅಂದೆ ನೀನು.

ನೀನು ಹೋದ ಮೇಲೆ ಅವಳು ಎರಡು ಸಲ ಬಂದಿದ್ದಳು. ಶಾಲೆಯವರು ಅವಳನ್ನು ತೆಗೆದುಹಾಕಿಲ್ಲ. ಜೋರಾಗಿ ಕೂಗಲು ಆಗುವುದಿಲ್ಲವೆಂದು ಚಪ್ಪಾಳೆ ತಟ್ಟಿ ಮಕ್ಕಳನ್ನು ಕರೆಯುತ್ತಾಳಂತೆ. ಹಾಡಿನ ಪೀರಿಯಡ್ ಬೇರೆಯವರಿಗೆ ಕೊಟ್ಟಿದ್ದಾರೆ. ಅದನ್ನು ಹೇಳುವಾಗ ಅತ್ತಳು.

ನೀನು ಬಸ್ಸು ಹತ್ತುವ ಮುಂಚೆ ಏನನ್ನೋ ಕೇಳಲು ಬಾಯಿ ತೆರೆದೆ. ಕೇಳದೆ, "ಬಿಸಿಲಿಗೆ ನಿಲ್ಲಬೇಡ, ಹೋಗು" ಅಂದೆ. ಕ್ಷಮಿಸಿದೆಯಾ ಎಂದು ಕೇಳಲಿದ್ದೆ, ನನಗೆ ಗೊತ್ತಿತ್ತು. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ, ಅಮ್ಮಾ. ಕೇಳದೆ ಇದ್ದದ್ದು ಒಳ್ಳೆಯದಾಯಿತು.

ಮಾರ್ಚ್ 28ರಿಂದ ನಾನು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಪೂರ್ತಿ ಹೇಳಿರಲಿಲ್ಲ. ಸಭೆಯಲ್ಲಿ ಎಲ್ಲರ ಜೊತೆ ಶುರು ಮಾಡುತ್ತೇನೆ, ನಿನ್ನ ಚಿತ್ತ ನೆರವೇರಲಿ ಎಂಬುದು ಸಲೀಸಾಗಿ ಬಾಯಿಗೆ ಬರುತ್ತದೆ, ಚಿಕ್ಕಂದಿನಿಂದ ಬಂದದ್ದಲ್ಲವೇ. ಅದರಾಚೆ ಇನ್ನೊಂದು ಮಾತು ಕಳೆದ ಮೇಲೆ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬರುತ್ತದೆ. ಅಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದವರಿಗೆ ಗೊತ್ತಾಗಬಾರದೆಂದು ಕೆಮ್ಮುತ್ತಿದ್ದೆ.

ಮೊನ್ನೆ ಭಾನುವಾರ ಕೆಮ್ಮಲು ಹೊರಟಾಗ ಪಕ್ಕದಲ್ಲಿ ಚಿಕ್ಕ ಟೀಚರ್ ನಿಂತಿದ್ದಳು. ಅವಳ ದನಿ ಎಲ್ಲರ ದನಿಯ ಕೆಳಗೆ ಎಳೆದುಕೊಂಡು ಬರುತ್ತಿತ್ತು. ಆ ಮಾತನ್ನು ಅವಳು ಬಿಡಲಿಲ್ಲ. ಕಷ್ಟಪಟ್ಟು, ಒಂದೊಂದೇ ಅಕ್ಷರ, ಎಲ್ಲರೂ ಮುಗಿಸಿದ ಮೇಲೂ ಒಬ್ಬಳೇ ಹೇಳಿ ಮುಗಿಸಿದಳು. ದೇವರ ಚಿತ್ತ ಏನೆಂದು ನಾನು ಚೀಲಗಳಲ್ಲಿ, ತಾರೀಖುಗಳಲ್ಲಿ ಹುಡುಕುತ್ತಿದ್ದೆ. ಅದು ಅದೇ ಪ್ರಾರ್ಥನೆಯಲ್ಲಿ, ಒಂದು ಮಾತಿನ ಕೆಳಗೆ, ನಾನು ಕೆಮ್ಮಿ ಬಿಟ್ಟುಬಿಡುತ್ತಿದ್ದ ಕಡೆಯೇ ಇತ್ತು.

ನಾನೂ ಹೇಳಿದೆ, ಅಮ್ಮಾ. ತಡವಾಗಿ, ಸಣ್ಣ ದನಿಯಲ್ಲಿ. ಪೂರ್ತಿ ಮನಸ್ಸು ಇನ್ನೂ ಅದರೊಳಗಿಲ್ಲ. ಮುಂದಿನ ಭಾನುವಾರ ಮತ್ತೆ ಹೇಳುತ್ತೇನೆ.

ನಿನ್ನ
ಗುಬ್ಬಿ